‘ಕಡತ ಲಭ್ಯವಿಲ್ಲ’ ಅಂದರೆ ಅಲ್ಲಿಗೇ ಬಿಡಬೇಡಿ

ನರ್ಸಿಂಗ್ ಹೋಂ ಒಂದರ ತಪಾಸಣಾ ವರದಿ ಕೇಳಿದ್ದಕ್ಕೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂದಿದೆ, ಮುಂದೇನು ಎಂದು ಕೇಳಿದ್ದೀರಿ. ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 8 ಮತ್ತು 9ರಲ್ಲಿರುವ ನಿರಾಕರಣೆಯ ಕಾರಣಗಳಲ್ಲಿ ಕಡತ ಕಳೆದದ್ದು ಸೇರಿಲ್ಲ. ದಾಖಲೆಗಳನ್ನು ಸೂಚಿ ಸಮೇತ ಕಾಯ್ದಿಡುವುದು ಸೆಕ್ಷನ್ 4(1)(ಎ) ಪ್ರಕಾರ ಕಚೇರಿಯದೇ ಹೊಣೆ.

ಹಿಂಬರಹ ಸಿಕ್ಕ 30 ದಿನದೊಳಗೆ ಸೆಕ್ಷನ್ 19(1)ರಡಿ ಮೊದಲ ಮೇಲ್ಮನವಿ ಹಾಕಿ. ಕಡತ ಹುಡುಕಿಸಿ ಅಥವಾ ಮರುಸೃಷ್ಟಿಸಿ ಕೊಡಿ ಎಂದು ಸ್ಪಷ್ಟವಾಗಿ ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಮೇಲ್ಮನವಿಯಲ್ಲಿ ಹೊಸ ಮಾಹಿತಿ ಸೇರಿಸುತ್ತಾರೆ, ಅದು ತಿರಸ್ಕೃತವಾಗುತ್ತದೆ. ಹೊಸದಕ್ಕೆ ಪ್ರತ್ಯೇಕ ಅರ್ಜಿಯೇ ಬೇಕು. ಅದರಲ್ಲಿ ಕಡತ ಚಲನವಲನ ವಹಿಯ ಪ್ರತಿ ಕೇಳಿ. ನಾಶಪಡಿಸಿದ್ದರೆ ಆ ಆದೇಶದ ಪ್ರತಿಯನ್ನೂ ಕೇಳಿ. ಸೆಕ್ಷನ್ 2(ಜೆ) ಅಡಿ ವಹಿಯನ್ನು ಖುದ್ದಾಗಿ ಪರಿಶೀಲಿಸಲೂ ಅವಕಾಶವಿದೆ. ನನ್ನ ಪ್ರಕಾರ ಇದೇ ಗಟ್ಟಿ ದಾರಿ, ಏಕೆಂದರೆ ಕಡತ ಕೊನೆಗೆ ಯಾರ ಮೇಜಿಗೆ ಹೋಯಿತೆಂಬುದು ಆ ವಹಿಯಲ್ಲಿರಬೇಕು.

ಖಾಸಗಿ ಸಂಸ್ಥೆಯಿಂದ ಕಾನೂನು ಪ್ರಕಾರ ಇಲಾಖೆ ಪಡೆಯಬಹುದಾದ ಮಾಹಿತಿಯೂ ಸೆಕ್ಷನ್ 2(ಎಫ್) ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ನರ್ಸಿಂಗ್ ಹೋಂ ಬಳಿಯಿರುವ ಪ್ರತಿ ತರಿಸಿಕೊಡಿ ಎಂದೂ ವಾದಿಸಿ.

ಮೊದಲ ಮೇಲ್ಮನವಿ ಫಲಿಸದಿದ್ದರೆ ಮಾಹಿತಿ ಆಯೋಗಕ್ಕೆ ಹೋಗಲು 90 ದಿನ ಇರುತ್ತದೆ. ಕೇಳಿದ ಮಾಹಿತಿಯನ್ನು ನಾಶ ಮಾಡಿದ್ದು ಸಾಬೀತಾದರೆ ಅಧಿಕಾರಿಗೆ ದಿನಕ್ಕೆ ₹250ರಂತೆ ₹25,000ವರೆಗೆ ದಂಡ.