ತಂದೆಯವರ ಕಾಲದ ಸ್ಟೀರಿಯೊ ಸ್ಪೀಕರ್‌ಗಳ ಸದ್ದು ಒಡೆಯುತ್ತಿದೆ. ರಿಪೇರಿ ಮಾಡಿ ಸುಧಾರಿಸಬಹುದೇ?

ಖಂಡಿತ ಸಾಧ್ಯ, ದಯವಿಟ್ಟು ಗುಜರಿಗೆ ಹಾಕಬೇಡಿ. ಮೊದಲು ಮುಂಭಾಗದ ಬಟ್ಟೆಯ ಚೌಕಟ್ಟು ತೆಗೆದು ವೂಫರ್, ಅಂದರೆ ದಪ್ಪ ದನಿಯ ದೊಡ್ಡ ಸ್ಪೀಕರ್, ನೋಡಿ. ಅದರ ಕೋನಿನ (ಕಂಪಿಸುವ ಬಟ್ಟಲಿನಾಕಾರದ ಭಾಗ) ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಅಂಟಂಟಾಗಿ ಪುಡಿಯಾದರೆ ಅದು ಕೊಳೆತ ಫೋಮ್. 1970–80ರ ದಶಕದ ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೆ ಹೀಗೆಯೇ ಹಾಳಾಗುತ್ತದೆ. ಬಟ್ಟೆ ಅಥವಾ ರಬ್ಬರಿನ ಅಂಚು ಹಾಳಾಗದೆ ಚೆನ್ನಾಗಿದ್ದರೆ ಮುಟ್ಟಬೇಡಿ.

ಕೋನ್ ಹರಿದಿಲ್ಲದಿದ್ದರೆ ಹೊಸ ವೂಫರ್ ಬೇಡ, ಅದೇ ಅಳತೆಯ ಫೋಮ್ ಅಂಟಿಸಿದರೆ ಸಾಕು. ಹಳೆಯ ಅಂಟನ್ನು ಕೆರೆದು ತೆಗೆಯುವುದೇ ಅರ್ಧ ಕೆಲಸ, ಅಲ್ಲಿ ಅವಸರ ಸಲ್ಲದು. ಹೊಸ ಅಂಟು ಒಣಗುವ ಮುನ್ನ ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮವಾಗಿ ಒಳಗೊತ್ತಿ ಬಿಡಿ. ಕರಕರ ಎಂದರೆ ಒಳಗೆ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಸುರುಳಿ) ಉಜ್ಜುತ್ತಿದೆ. ಆಗಲೇ ಕೋನನ್ನು ನಡುವಿಗೆ ಸರಿಸಿ, ಒಣಗಿದ ಮೇಲೆ ಆಗುವುದಿಲ್ಲ.

ಇನ್ನು ಕ್ರಾಸ್‌ಓವರ್, ಅಂದರೆ ದಪ್ಪ ದನಿಯನ್ನು ವೂಫರಿಗೂ ತೆಳು ದನಿಯನ್ನು ಟ್ವೀಟರ್ ಎಂಬ ಚಿಕ್ಕ ಸ್ಪೀಕರಿಗೂ ಹಂಚುವ ಸರ್ಕ್ಯೂಟ್. ಅದರ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿದರೆ ಟ್ವೀಟರ್ ಮಂಕಾಗುತ್ತದೆ. ಅಷ್ಟೇ ಮೈಕ್ರೋಫ್ಯಾರಡ್‌ನ (ಕೆಪಾಸಿಟರ್ ಮೇಲೆ ಬರೆದಿರುವ ಅಳತೆ), ಹಳೆಯದಕ್ಕಿಂತ ಕಡಿಮೆಯಲ್ಲದ ವೋಲ್ಟೇಜಿನ ನಾನ್‌ಪೋಲಾರ್ ಕೆಪಾಸಿಟರ್ ಹಾಕಿ. ಪ್ಲಸ್-ಮೈನಸ್ ಗುರುತಿರುವುದು ಇಲ್ಲಿಗೆ ಸಲ್ಲದು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ದುಡ್ಡಿದ್ದರೆ ಫಿಲ್ಮ್ ಕೆಪಾಸಿಟರ್ ಒಳ್ಳೆಯದು, ಅದು ಒಣಗುವುದಿಲ್ಲ.

ಟ್ವೀಟರನ್ನೇ ಬೇರೆಯದಕ್ಕೆ ಬದಲಿಸುವ ಆಸೆ ಮಾತ್ರ ಬಿಡಿ. ಕ್ರಾಸ್‌ಓವರ್ ಲೆಕ್ಕ ಹಳೆಯ ಟ್ವೀಟರಿನ ಓಮ್ (ವಿದ್ಯುತ್ ತಡೆ) ಮತ್ತು ಸಂವೇದನೆಗೆ (ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದು) ಹೊಂದಿಸಿದ್ದು. ಹೊಸದು ಎಷ್ಟೇ ದುಬಾರಿಯಾದರೂ ದನಿಯ ಸಮತೋಲ ಕೆಡುತ್ತದೆ. ರಂಧ್ರವಿಲ್ಲದ ಮುಚ್ಚಿದ ಪೆಟ್ಟಿಗೆಯಾದರೆ ವೂಫರನ್ನು ಮರಳಿ ಕೂರಿಸುವಾಗ ಗಾಳಿ ತಡೆಯುವ ಪಟ್ಟಿ, ಅಂದರೆ ಗ್ಯಾಸ್ಕೆಟ್, ಕೂಡ ಬದಲಿಸಿ, ಗಾಳಿ ಸೋರಿದರೆ ಬೇಸ್ ಸೊರಗುತ್ತದೆ.