ಮರ ಸತ್ತರೂ ಹುಳು ಸತ್ತಿರುವುದಿಲ್ಲ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಅಮೆರಿಕದ ಒಹಾಯೊದಲ್ಲಿರುವ ಮಗನ ಮನೆಯಿಂದ ನಮಗೆ ಪತ್ರ ಬರೆದಿದ್ದಾರೆ. ಮಗ ಹಿತ್ತಲಲ್ಲಿ ಒಣಗಿ ನಿಂತಿದ್ದ ಆಶ್ ಮರವನ್ನು ಕಡಿಸಿದ್ದರು. ಅದರ ಸೌದೆಯನ್ನು ಕಾರಿಗೆ ತುಂಬಿಕೊಂಡು ಮನೆಮಂದಿಯೆಲ್ಲ ಒಂದು ಉದ್ಯಾನಕ್ಕೆ ಕ್ಯಾಂಪಿಂಗ್ ಹೋದರಂತೆ. ಬಾಗಿಲಲ್ಲೇ ಸೌದೆಯನ್ನು ತಡೆದರು, ಅಲ್ಲಿಯದೇ ಬೇರೆ ಕಟ್ಟು ಕೊಳ್ಳಬೇಕಾಯಿತು. “ಸತ್ತ ಮರದ ನಾಲ್ಕು ತುಂಡಿಗೆ ಇಷ್ಟು ರಗಳೆಯೇ? ಆ ಹುಳು ಹೇಗೂ ಎಲ್ಲ ಕಡೆ ಹಬ್ಬಿದೆಯಂತೆ, ಇನ್ನು ತಡೆದು ಏನು ಪ್ರಯೋಜನ? ಉಳಿದ ಸೌದೆಯನ್ನು ಏನು ಮಾಡುವುದು?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ, ಬಾಗಿಲಲ್ಲಿ ನಿಮ್ಮನ್ನು ತಡೆದವರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಮನೆಯವರ ಮುಂದೆ ಹಾಗೆ ನಿಲ್ಲಿಸಿದಾಗ ಆಗುವ ಬೇಸರ ಅರ್ಥವಾಗುತ್ತದೆ. ಆದರೂ ಅವರ ಪರವಾಗಿಯೇ ಮಾತಾಡಬೇಕಿದೆ.

ನಿಮ್ಮ ಮಗನ ಹಿತ್ತಲಿನ ಮರವನ್ನು ಕೊಂದದ್ದು ಬಹುತೇಕ ಎಮರಾಲ್ಡ್ ಆಶ್ ಬೋರರ್ ಎಂಬ ಪಚ್ಚೆ ಬಣ್ಣದ ದುಂಬಿ. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಚೀನಾ, ಕೊರಿಯಾ, ರಷ್ಯಾದ ಪೂರ್ವ ಅಂಚು ಇದರ ತವರು. ಅಲ್ಲಿನ ಆಶ್ ಮರಗಳು ಇದರ ಜೊತೆಗೇ ಬೆಳೆದು ಬಂದವು, ತಡೆದುಕೊಳ್ಳುತ್ತವೆ. ಅಮೆರಿಕದ ಆಶ್‌ಗಳಿಗೆ ಆ ಶಕ್ತಿ ಇಲ್ಲ. 2002ರಲ್ಲಿ ಡೆಟ್ರಾಯಿಟ್ ಬಳಿ ಇದನ್ನು ಗುರುತಿಸುವ ಹೊತ್ತಿಗೆ ಹುಳು ಅಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಬಾಳುವೆ ಮಾಡಿತ್ತು ಎಂದು ಸತ್ತ ಮರಗಳ ಕಾಂಡದೊಳಗಿನ ವರ್ಷದ ಬಳೆಗಳನ್ನು ಓದಿದವರು ಹೇಳುತ್ತಾರೆ. ಸರಕಿನ ಜೊತೆ ಬಂದ ಮರದ ಪೆಟ್ಟಿಗೆಯಲ್ಲೋ ಹಲಗೆಯಲ್ಲೋ ಸಮುದ್ರ ದಾಟಿರಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ತೊಗಟೆಯ ಅಡಿಗೆ ಇಳಿದು, ಮರದ ಆಹಾರ ಹರಿಯುವ ತೆಳು ಪದರವನ್ನು ಸುತ್ತಿ ಬಳಸಿ ತಿನ್ನುತ್ತದೆ. ಒಳಗೆ ಹಾವಿನ ಹಾದಿಯಂಥ ಗೆರೆಗಳು ಬೀಳುತ್ತವೆ. ಮೇಲಿನಿಂದ ಏನೂ ಕಾಣದು. ಮೂರರಿಂದ ಐದು ವರ್ಷದಲ್ಲಿ ಮರ ಸಾಯುತ್ತದೆ. ಆದರೆ ಮರ ಸತ್ತ ದಿನ, ಕಡಿದ ದಿನ ಒಳಗಿನ ಹುಳು ಸಾಯುವುದಿಲ್ಲ. ಸೌದೆಯ ತುಂಡಿನಲ್ಲೇ ಚಳಿಗಾಲ ಕಳೆದು, ಮೇ–ಜೂನ್ ಹೊತ್ತಿಗೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಪುಟ್ಟ ತೂತು ಕೊರೆದು ಹೊರಬರುತ್ತದೆ. ಕಡಿದು ಎರಡು ವರ್ಷವಾದ ಸೌದೆಯಿಂದಲೂ ದುಂಬಿ ಬರಬಹುದು. ಬಿಸಿಲಲ್ಲಿ ಒಣಗಿಸಿದರೆ ಸಾಲದು. ತುಂಡಿನ ನಡುಭಾಗ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಒಂದು ಗಂಟೆ ಹಾಗೇ ಇರಬೇಕು ಎಂಬುದು ಅಲ್ಲಿನ ಕೃಷಿ ಇಲಾಖೆಯ ಅಳತೆ.

ಕಾಫಿ ಬೆಳೆಗಾರರಾದ ನಿಮಗೆ ಇದು ಹೊಸ ಸಂಗತಿ ಅಲ್ಲವೇ ಅಲ್ಲ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದಾಗ ನೀವು ಏನು ಮಾಡುತ್ತೀರಿ? ಬೋರರ್ ಹೊಡೆದ ಗಿಡವನ್ನು ಹುಡುಕಿಸಿ, ಕಿತ್ತು, ದುಂಬಿ ಹಾರುವ ಕಾಲ ಬರುವ ಮುಂಚೆ, ಅಂದರೆ ಏಪ್ರಿಲ್–ಮೇಗೆ ಮೊದಲು, ಮತ್ತೆ ಅಕ್ಟೋಬರಿಗೆ ಮೊದಲು, ಸುಡಿಸುತ್ತೀರಿ. ಸೌದೆಗೆ ಇಟ್ಟುಕೊಳ್ಳಲೇಬೇಕೆಂದರೆ ಕಾಂಡವನ್ನು ವಾರ, ಹತ್ತು ದಿನ ನೀರಿನಲ್ಲಿ ಮುಳುಗಿಸಿಡಿ ಎಂದೇ ಶಿಫಾರಸು ಇದೆ. ಕೊಟ್ಟಿಗೆ ಪಕ್ಕ ರಾಶಿ ಹಾಕಿದ ಬೋರರ್ ಕಾಂಡದಿಂದ ದುಂಬಿ ಎದ್ದು ತೋಟಕ್ಕೆ ಮರಳುತ್ತದೆ ಎಂಬುದು ನಿಮ್ಮಲ್ಲಿ ಆಳುಮಕ್ಕಳಿಗೂ ಗೊತ್ತು. ಒಹಾಯೊದ ಹುಳು ಬೇರೆ, ಮರ ಬೇರೆ, ಲೆಕ್ಕ ಮಾತ್ರ ಅದೇ.

ನಾಲ್ಕು ತುಂಡಿನಿಂದ ಏನಾದೀತು ಎಂದಿರಿ. ಈ ದುಂಬಿಗಳಲ್ಲಿ ಹೆಚ್ಚಿನವು ತಾವಾಗಿ ಹಾರಿ ಹೋಗುವುದು ಹುಟ್ಟಿದ ಮರದಿಂದ ಕೆಲವು ನೂರು ಮೀಟರ್ ಅಷ್ಟೇ. ಹಾಗಿದ್ದೂ 2013ರಲ್ಲಿ ಕೊಲೊರಾಡೊದ ಬೌಲ್ಡರ್‌ನಲ್ಲಿ ಹುಳು ಸಿಕ್ಕಿತು. ನಡುವೆ ನೂರಾರು ಮೈಲಿ ಮರವೇ ಅಪರೂಪವಾದ ಬಯಲು. 2022ರಲ್ಲಿ ಒರೆಗಾನ್‌ನಲ್ಲಿ, ಪೆಸಿಫಿಕ್ ತೀರದ ಹತ್ತಿರ ಸಿಕ್ಕಿತು. ಇಂಥ ನೆಗೆತ ರೆಕ್ಕೆಯಿಂದ ಆಗುವುದಲ್ಲ. ಸೌದೆ, ನರ್ಸರಿ ಸಸಿ, ಮರದ ದಿಮ್ಮಿ ಹೊತ್ತ ಗಾಡಿಗಳಿಂದ ಆಗುವುದು. ಸೌದೆ ಸಾಗಿಸಿದವರಲ್ಲಿ ಕೆಟ್ಟ ಉದ್ದೇಶದವರು ಯಾರೂ ಇದ್ದಿರಲಾರರು. ಎಲ್ಲರೂ ನಿಮ್ಮ ಮಗನ ಹಾಗೆ, ಮಕ್ಕಳೊಂದಿಗೆ ಬೆಂಕಿ ಸುತ್ತ ಕೂರಲು ಹೊರಟವರೇ. ಅದೇ ನನಗೆ ಅತ್ಯಂತ ಸಂಕಟದ ವಿಷಯ.

ಸಂಕಟ ಎಂದದ್ದಕ್ಕೆ ಕಾರಣವಿದೆ. ಅಮೆರಿಕದ ಊರುಗಳಲ್ಲಿ ಹಿಂದೆ ಬೀದಿಗೆಲ್ಲ ಎಲ್ಮ್ ಮರಗಳಿದ್ದವು. ಡಚ್ ಎಲ್ಮ್ ರೋಗ ಅವನ್ನು ಒಣಗಿಸಿದಾಗ ಎಷ್ಟೋ ಕಡೆ ಆ ಜಾಗಕ್ಕೆ ನೆಟ್ಟದ್ದು ಆಶ್. ಈಗ ಅದೂ ಹೋಯಿತು, ಕೋಟಿಗಟ್ಟಲೆ ಮರಗಳು. ಇದಕ್ಕಿಂತ ದೊಡ್ಡ ನಷ್ಟ ಕಪ್ಪು ಆಶ್‌ನದು. ಮೇನ್ ರಾಜ್ಯದ ಮೂಲನಿವಾಸಿಗಳಾದ ವಾಬನಾಕಿ ಜನ ಈ ಮರದ ದಿಮ್ಮಿಯನ್ನು ಬಡಿದು ಬಡಿದು, ವರ್ಷದ ಬಳೆಗಳು ಒಂದೊಂದಾಗಿ ಬಿಡಿಸಿಕೊಳ್ಳುವಂತೆ ಮಾಡಿ, ಆ ಪಟ್ಟಿಗಳಿಂದ ಬುಟ್ಟಿ ಹೆಣೆಯುತ್ತಾರೆ. ಅವರ ಪುರಾಣದಲ್ಲಿ ಗ್ಲುಸ್ಕಾಬೆ ಎಂಬ ನಾಯಕ ಆಶ್ ಮರಕ್ಕೆ ಬಾಣ ಬಿಟ್ಟಾಗ ಒಳಗಿನಿಂದ ಮನುಷ್ಯರು ಹೊರಬಂದರು. ತಮ್ಮ ಜನವೇ ಹುಟ್ಟಿದ ಮರ ಅದು! 2018ರಲ್ಲಿ ಹುಳು ಮೇನ್‌ಗೂ ಕಾಲಿಟ್ಟಿತು. ಆ ಬುಟ್ಟಿಗೆ ಬದಲಿ ಮರ ಇಲ್ಲ.

ಹೇಗೂ ಹಬ್ಬಿದೆಯಲ್ಲ ಎಂಬ ಮಾತಿಗೆ ಬಲ ಇಲ್ಲದಿಲ್ಲ. 35 ರಾಜ್ಯಗಳಿಗೆ ಹರಡಿದ ಮೇಲೆ, 2021ರ ಜನವರಿಯಲ್ಲಿ ಅಮೆರಿಕ ಸರ್ಕಾರವೇ ಈ ಹುಳುವಿನ ರಾಷ್ಟ್ರೀಯ ನಿರ್ಬಂಧವನ್ನು ಕೈಬಿಟ್ಟಿತು. ಆದರೆ ಸೌದೆಯಲ್ಲಿ ಕೂತು ಬರುವುದು ಇದೊಂದೇ ಅಲ್ಲ. ನಿಮ್ಮ ಒಹಾಯೊದಲ್ಲೇ, ಸಿನ್ಸಿನ್ನಾಟಿ ಸಮೀಪದ ಕ್ಲೆರ್ಮಾಂಟ್ ಕೌಂಟಿಯಲ್ಲಿ, 2011ರಲ್ಲಿ ಏಷ್ಯನ್ ಲಾಂಗ್‌ಹಾರ್ನ್ಡ್ ದುಂಬಿ ಸಿಕ್ಕಿತು. ಅದಕ್ಕೆ ಆಶ್ ಒಂದೇ ಅಲ್ಲ, ಮೇಪಲ್, ಎಲ್ಮ್, ವಿಲ್ಲೋ ಎಲ್ಲವೂ ಆದೀತು. ಇದೇ ಹುಳುವಿಗಾಗಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸುತ್ತ 30,000ಕ್ಕೂ ಹೆಚ್ಚು ಮರ ಕಡಿಯಬೇಕಾಯಿತು. ಕ್ಯಾಲಿಫೋರ್ನಿಯಾದ ದಕ್ಷಿಣದ ಓಕ್‌ಗಳನ್ನು ಕೊಲ್ಲುತ್ತಿರುವ ಹುಳುವಂತೂ ಹೊರದೇಶದ್ದೂ ಅಲ್ಲ. ನಡುವೆ ಮರುಭೂಮಿ ಇದ್ದರೂ ಪಕ್ಕದ ಅರಿಜೋನಾದಿಂದ ಬಂದದ್ದು, ಸೌದೆಯ ಮೇಲೆಯೇ ಎಲ್ಲರ ಅನುಮಾನ. ಬಾಗಿಲಲ್ಲಿ ನಿಂತವರಿಗೆ ನಿಮ್ಮ ಡಿಕ್ಕಿಯ ಒಂದೊಂದು ತುಂಡಿನ ತೊಗಟೆ ಬಿಡಿಸಿ ನೋಡಲಾಗದು. ಆದ್ದರಿಂದ ಎಲ್ಲಿ ಉರಿಸುತ್ತೀರೋ ಅಲ್ಲೇ ಕೊಳ್ಳಿ ಎಂಬ ಒಂದೇ ನಿಯಮ.

ಉಳಿದ ಸೌದೆಯನ್ನು ಮಗನ ಮನೆಯಲ್ಲೇ ಉರಿಸಿ, ಮುಂದಿನ ಮೇ ತಿಂಗಳೊಳಗೆ ಮುಗಿದರೆ ಒಳ್ಳೆಯದು. ಪಕ್ಕದೂರಿನ ಗೆಳೆಯರು ಕೇಳಿದರೂ ಕೊಡಬೇಡಿ. ಪ್ರಯಾಣಕ್ಕೆ ಒಯ್ಯಲೇಬೇಕಾದರೆ ಶಾಖ ಕೊಟ್ಟು ಮುದ್ರೆ ಒತ್ತಿದ ಕಟ್ಟುಗಳು ಸಿಗುತ್ತವೆ. ಆ ಬೀದಿಯಲ್ಲಿ ಇನ್ನೂ ಹಸಿರಾಗಿರುವ ಆಶ್ ಇದ್ದರೆ ಎಮಾಮೆಕ್ಟಿನ್ ಬೆಂಜೊಯೇಟ್ ಔಷಧಿಯನ್ನು ಕಾಂಡಕ್ಕೆ ಚುಚ್ಚಿಸಿದರೆ ಎರಡು ವರ್ಷದ ಮಟ್ಟಿಗೆ ಮರ ಉಳಿಯುತ್ತದೆ, ಆಮೇಲೆ ಮತ್ತೆ ಕೊಡಿಸಬೇಕು. ನೆತ್ತಿಯ ಅರ್ಧದಷ್ಟು ಒಣಗುವ ಮೊದಲೇ ಮಾಡಿಸಬೇಕು. ಅನುಮತಿ ಪಡೆದ ಮರತಜ್ಞರನ್ನು ಈ ವಾರವೇ ಕರೆಸಿ ತೋರಿಸಲು ಮಗನಿಗೆ ಹೇಳಿ.