ಎರಡು ಎಕ್ಸೆಲ್ ಪಟ್ಟಿ ತಾಳೆ ಹಾಕುವ ಮುಂಚೆ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಎರಡು ಎಕ್ಸೆಲ್ ಪಟ್ಟಿ ಇವೆ, ಎರಡರಲ್ಲೂ ಇರುವವರಿಗೆ ಗುರುತು ಹಾಕಬೇಕು, ಆಗುತ್ತಿಲ್ಲ. ಹಿಂದೆಯೂ ಉತ್ತರ ಕೊಟ್ಟಿದ್ದೇನೆ. ಅದೇ ತಪ್ಪುಗಳು ಮತ್ತೆ ಮತ್ತೆ ಬರುತ್ತಿವೆ. ಹಾಗಾಗಿ ಈ ಸಲ ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಫಾರ್ಮುಲಾ ಬರೆದು ಕೆಳಗೆ ಎಳೆಯುವುದೆಲ್ಲ ನಿಮಗೆ ಗೊತ್ತು ಎಂದೇ ಹಿಡಿದಿದ್ದೇನೆ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿ ಒಂದು, ಈ ವರ್ಷ ಚಂದಾ ಕಟ್ಟಿದವರ ಪಟ್ಟಿ ಇನ್ನೊಂದು. ಸುಮಾರು 1,400 ಹೆಸರು. ವಿಲುಕಪ್ (ಒಂದು ಪಟ್ಟಿಯದನ್ನು ಇನ್ನೊಂದರಲ್ಲಿ ಹುಡುಕುವ ಫಾರ್ಮುಲಾ) ಹಾಕಿದರೆ ಕಣ್ಣೆದುರೇ ಇರುವ ಹೆಸರಿಗೂ 'ಎನ್/ಎ', ಅಂದರೆ ಸಿಗಲಿಲ್ಲ, ಎಂದು ಬರುತ್ತದೆ. ಎಕ್ಸೆಲ್ ಹಾಳಾಗಿದೆಯೇ? (ಸಂಘದ ಕಾರ್ಯದರ್ಶಿ, ಡೊಂಬಿವಲಿ)

ಉತ್ತರ: ಎಕ್ಸೆಲ್ ಚೆನ್ನಾಗಿಯೇ ಇದೆ. ನೀವು ಹೆಸರು ಹಿಡಿದು ಹುಡುಕುತ್ತಿದ್ದೀರಿ, ತೊಂದರೆ ಅಲ್ಲಿದೆ. ಮುಂಬೈ ಕಡೆ ಒಬ್ಬರ ಹೆಸರನ್ನು ಎಷ್ಟು ರೀತಿ ಬರೆಯುತ್ತಾರೆ ನೋಡಿ. ಊರಿನ ರೂಢಿಯಲ್ಲಿ 'ಕೆ. ಶಾರದಾ ಶೆಟ್ಟಿ'. ಇಲ್ಲಿನ ಫಾರ್ಮ್‌ಗಳಲ್ಲಿ ಅಡ್ಡಹೆಸರು ಮೊದಲು, ಕೊನೆಗೆ ಗಂಡನ ಹೆಸರು: 'ಶೆಟ್ಟಿ ಶಾರದಾ ವಿಠ್ಠಲ'. ಇಂಗ್ಲಿಷಿನಲ್ಲಿ ಪೂಜಾರಿ ಎಂದು ಬರೆಯುವಾಗ ಒಬ್ಬರು ಎರಡು 'ಓ' ಹಾಕುತ್ತಾರೆ, ಇನ್ನೊಬ್ಬರು ಒಂದು 'ಯು' ಹಾಕುತ್ತಾರೆ. ಒಂದು ಅಕ್ಷರ ಬದಲಾದರೂ ಎಕ್ಸೆಲ್‌ಗೆ ಅದು ಬೇರೆ ಹೆಸರು. ಇನ್ನು ಒಂದೇ ಹೆಸರಿನ ಇಬ್ಬರಿದ್ದರೆ ಕತೆ ಇನ್ನೂ ಕೆಟ್ಟದ್ದು. ಕರಾವಳಿಯವರು ತುಂಬಿರುವ ಸಂಘದಲ್ಲಿ ರಮೇಶ್ ಶೆಟ್ಟಿ ಒಬ್ಬರೇ ಇರುತ್ತಾರಾ? ಒಬ್ಬರು ಕಟ್ಟಿದ ಚಂದಾ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ಸಿಗದೇ ಹೋದ ಹೆಸರನ್ನಾದರೂ ನೀವು ಹುಡುಕುತ್ತೀರಿ. ತಪ್ಪಾಗಿ ಸಿಕ್ಕಿದ್ದನ್ನು ಯಾರೂ ಮತ್ತೆ ನೋಡುವುದಿಲ್ಲ.

ಸದಸ್ಯತ್ವದ ನಂಬರ್ ಎರಡೂ ಪಟ್ಟಿಯಲ್ಲಿದ್ದರೆ ಅದನ್ನೇ ಹಿಡಿಯಿರಿ, ಬೇರೆ ಯೋಚನೆ ಬೇಡ. ಇಲ್ಲದಿದ್ದರೆ ಮೊಬೈಲ್ ನಂಬರಿನ ಕೊನೆಯ 10 ಅಂಕಿ ತೆಗೆದುಕೊಳ್ಳಿ. ಕೆಲವರು ಮುಂದೆ ಸೊನ್ನೆ ಹಾಕಿರುತ್ತಾರೆ, ಕೆಲವರು 91 ಹಾಕಿರುತ್ತಾರೆ, ನಡುವೆ ಜಾಗ ಬಿಟ್ಟಿರುತ್ತಾರೆ. ಸಬ್‌ಸ್ಟಿಟ್ಯೂಟ್ ಫಾರ್ಮುಲಾದಿಂದ ಜಾಗವನ್ನೂ ಅಡ್ಡಗೆರೆಯನ್ನೂ ತೆಗೆದು, ಆಮೇಲೆ ರೈಟ್ ಫಾರ್ಮುಲಾದಿಂದ 10 ಅಂಕಿ ಕತ್ತರಿಸಿ. ಗಂಡ ಹೆಂಡತಿ ಇಬ್ಬರೂ ಒಂದೇ ಮೊಬೈಲ್ ಕೊಟ್ಟಿರುವುದು ನಮ್ಮಲ್ಲಿ ಮಾಮೂಲು. ಅದಕ್ಕೆ ಹುಟ್ಟಿದ ವರ್ಷವನ್ನು ಪಕ್ಕದಲ್ಲಿ ಜೋಡಿಸಿ. ಹೊಸ ಕಾಲಂನಲ್ಲಿ 14 ಅಂಕಿಯ ಒಂದು ಗುರುತು ಸಿಗುತ್ತದೆ. ಎರಡೂ ಪಟ್ಟಿಗೆ ಹೀಗೇ ಮಾಡಿ. ಇದನ್ನೆಲ್ಲ ಮಾಡುವುದು ಫೈಲಿನ ಕಾಪಿಯಲ್ಲಿ. ಮೂಲ ಫೈಲ್ ಮುಟ್ಟಬೇಡಿ.

ಇಷ್ಟಾದರೂ ಸಿಗದಿದ್ದರೆ ಎರಡು ಸೆಲ್‌ಗಳ ನಡುವೆ ಸಮ ಚಿಹ್ನೆ ಹಾಕಿ ನೋಡಿ. 'ಫಾಲ್ಸ್' ಬಂದರೆ ಎರಡಕ್ಕೂ ಲೆನ್ ಹಾಕಿ ಉದ್ದ ಅಳೆಯಿರಿ. ಉದ್ದ ಬೇರೆಯಾದರೆ ಎಲ್ಲೋ ಕಾಣದ ಜಾಗ ಇದೆ. ಟ್ರಿಮ್ ಹಾಕಿದರೆ ಹೋಗುತ್ತದೆ. ಆದರೆ ವೆಬ್‌ಸೈಟಿನಿಂದ ಕಾಪಿ ಮಾಡಿದ ಪಟ್ಟಿಯಲ್ಲಿ ಇನ್ನೊಂದು ಬಗೆಯ ಜಾಗ ಬರುತ್ತದೆ, ಅದರ ಸಂಕೇತ 160. ಟ್ರಿಮ್ ಅದನ್ನು ಮುಟ್ಟುವುದೇ ಇಲ್ಲ. ಸಬ್‌ಸ್ಟಿಟ್ಯೂಟ್‌ನಲ್ಲಿ ಕ್ಯಾರ್ 160 ಎಂದು ಕೊಟ್ಟು ತೆಗೆಯಬೇಕು. ಉದ್ದ ಸಮ ಇದ್ದೂ 'ಫಾಲ್ಸ್' ಬಂದರೆ, ಸಾಮಾನ್ಯವಾಗಿ ಒಂದು ಕಡೆ ಅದು ಸಂಖ್ಯೆ, ಇನ್ನೊಂದು ಕಡೆ ಪಠ್ಯ (ಟೆಕ್ಸ್ಟ್). ಎರಡನ್ನೂ ಪಠ್ಯ ಮಾಡಿ.

ಈಗ ತಾಳೆ. ಸದಸ್ಯರ ಪಟ್ಟಿಯ ಪ್ರತಿ ಗುರುತೂ ಚಂದಾ ಪಟ್ಟಿಯಲ್ಲಿ ಎಷ್ಟು ಸಲ ಇದೆ ಎಂದು ಕೌಂಟಿಫ್ ಹೇಳುತ್ತದೆ. ಸೊನ್ನೆ ಬಂದರೆ 'ಇಲ್ಲ', ಒಂದು ಬಂದರೆ 'ಇದೆ', ಅದಕ್ಕಿಂತ ಜಾಸ್ತಿ ಬಂದರೆ 'ನೋಡಬೇಕು' ಎಂದು ಪಕ್ಕದ ಕಾಲಂನಲ್ಲಿ ಬರುವಂತೆ ಇಫ್ ಹಾಕಿ. 'ನೋಡಬೇಕು' ಎಂದಿರುವ ಸಾಲುಗಳನ್ನು ರಸೀದಿ ಪುಸ್ತಕ ಕೈಯಲ್ಲಿ ಹಿಡಿದು ನೀವೇ ನೋಡಬೇಕು, ಬೇರೆ ದಾರಿ ಇಲ್ಲ. ಹುಡುಕುವ ಕಾಲಂಗೆ ಎಫ್4 ಒತ್ತಿ ಡಾಲರ್ ಚಿಹ್ನೆ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಕೆಳಗೆ ಎಳೆದ ಹಾಗೆ ಹುಡುಕುವ ಜಾಗವೂ ಜಾರುತ್ತದೆ, ಮೇಲಿನ ಹೆಸರುಗಳು ಒಂದೊಂದಾಗಿ ತಪ್ಪುತ್ತವೆ. ಆಮೇಲೆ ಇದನ್ನೇ ತಿರುಗಿಸಿ ಚಂದಾ ಪಟ್ಟಿಯ ಕಡೆಯಿಂದಲೂ ಮಾಡಿ. ಚಂದಾ ಕಟ್ಟಿದ್ದಾರೆ, ಆದರೆ ಸದಸ್ಯರ ಪಟ್ಟಿಯಲ್ಲೇ ಇಲ್ಲ, ಅಂಥವರು ಆಗ ಸಿಗುತ್ತಾರೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬ್ಯಾಂಕ್ ಖಾತೆ ನಂಬರ್ ಹಿಡಿದು ತಾಳೆ ಹಾಕುವವರು ಕೌಂಟಿಫ್ ಬಳಸಬೇಡಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ನೀವು ಪಠ್ಯ ಎಂದು ಬರೆದಿಟ್ಟರೂ ಕೌಂಟಿಫ್ ಅದನ್ನು ಸಂಖ್ಯೆಯಾಗಿಯೇ ಓದುತ್ತದೆ. 16 ಅಂಕಿಯ ಎರಡು ಖಾತೆಗಳಲ್ಲಿ ಕೊನೆಯ ಅಂಕಿ ಮಾತ್ರ ಬೇರೆ ಇದ್ದರೆ ಎರಡೂ ಒಂದೇ ಎನ್ನುತ್ತದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ಹೀಗಾಯಿತು. ಕೆಲಸಗಾರರ ಖಾತೆಗಳನ್ನು ಒಂದೇ ದಿನ ತೆರೆಸಿದ್ದರು, ನಂಬರುಗಳು ಸಾಲಾಗಿ ಬಂದಿದ್ದವು. ಸಂಬಳ ಹೋಗಿದೆಯೇ ಎಂದು ನಾನು ಕೌಂಟಿಫ್ ಹಾಕಿದೆ. ಒಬ್ಬ ಹುಡುಗನ ಎದುರು 'ಈಗಾಗಲೇ ಹೋಗಿದೆ' ಎಂದು ಬಂತು, ಅವನ ಸಾಲು ತೆಗೆದುಬಿಟ್ಟೆ. ಒಂಬತ್ತು ದಿನ ಅವನಿಗೆ ಸಂಬಳ ಸಿಗಲಿಲ್ಲ. ಅವನು ಬಂದು ಕೇಳಿದಾಗಲೂ ನಾನು ಪಟ್ಟಿ ತೋರಿಸಿ ಹೋಗಿದೆ ಎಂದೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಉದ್ದ ನಂಬರುಗಳಿಗೆ ಎರಡೂ ಕಡೆ ಪಠ್ಯ ಮಾಡಿಟ್ಟು ಮ್ಯಾಚ್ ಬಳಸಿ, ಮೂರನೇ ಜಾಗದಲ್ಲಿ ಸೊನ್ನೆ ಕೊಡಿ (ಪೂರ್ತಿ ಹೊಂದಿದ್ದು ಮಾತ್ರ ಬೇಕು ಎಂದು ಅರ್ಥ). ಕಾಲಂ ಅನ್ನು ನಂಬರ್ ತುಂಬುವ ಮೊದಲೇ ಪಠ್ಯ ಮಾಡಬೇಕು. ತುಂಬಿದ ಮೇಲೆ 16ನೇ ಅಂಕಿ ಸೊನ್ನೆಯಾಗಿಬಿಟ್ಟಿರುತ್ತದೆ, ಅದು ವಾಪಸ್ ಬರುವುದಿಲ್ಲ.

ಪ್ರಶ್ನೆ: ವಿಲುಕಪ್‌ನಲ್ಲಿ ಕೊನೆಯ 'ಫಾಲ್ಸ್' ಬಿಟ್ಟರೆ ಏನಾಗುತ್ತದೆ? (ಕಲ್ಯಾಣ್)

ಉತ್ತರ: ಸರಿಯಾದದ್ದು ಸಿಗದಿದ್ದರೆ ಹತ್ತಿರದ್ದನ್ನು ತಂದು ಕೊಡುತ್ತದೆ, ತಪ್ಪಾಗಿದೆ ಎಂದು ಹೇಳುವುದೂ ಇಲ್ಲ. ಬಿಡಬೇಡಿ.

ಪ್ರಶ್ನೆ: ಎರಡೂ ಕಾಲಂ ಆರಿಸಿ ಡುಪ್ಲಿಕೇಟ್‌ಗೆ ಬಣ್ಣ ಹಾಕಿದರೆ ಸಾಕಲ್ಲವೇ? (ಪುಣೆ)

ಉತ್ತರ: ಸಾಲದು. ಒಂದೇ ಪಟ್ಟಿಯಲ್ಲಿ ಎರಡು ಸಲ ಇರುವ ಹೆಸರಿಗೂ ಬಣ್ಣ ಬರುತ್ತದೆ.

ಪ್ರಶ್ನೆ: ಹಳೆಯ ಕನ್ನಡ ಪಟ್ಟಿಯ ಒಂದು ಹೆಸರೂ ಹೊಸದಕ್ಕೆ ಹೊಂದುತ್ತಿಲ್ಲ. (ಪನ್ವೇಲ್)

ಉತ್ತರ: ಹಳೆಯದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿರಬೇಕು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಬನ್ನಿ.

ಪ್ರಶ್ನೆ: 'ಒಂದೇ ಕ್ಲಿಕ್‌ನಲ್ಲಿ ತಾಳೆ' ಎನ್ನುವ ಉಚಿತ ವೆಬ್‌ಸೈಟ್ ಬಳಸಬಹುದೇ? (ಥಾಣೆ)

ಉತ್ತರ: ಬೇಡ. ಆ ಮೊಬೈಲ್ ನಂಬರು, ಹುಟ್ಟಿದ ತಾರೀಖು ನಿಮ್ಮದಲ್ಲ. ಜನ ನಂಬಿ ಕೊಟ್ಟದ್ದು. ಅದನ್ನು ಗೊತ್ತಿಲ್ಲದವರ ಕೈಗೆ ಹಾಕುವ ಹಕ್ಕು ನಿಮಗಿಲ್ಲ. ದುಡ್ಡು ತೆಗೆದುಕೊಂಡು ಮ್ಯಾಕ್ರೋ (ಎಕ್ಸೆಲ್ ಕೆಲಸವನ್ನು ತಾನಾಗಿ ಮಾಡುವ ಪ್ರೋಗ್ರಾಂ) ಬರೆದುಕೊಡುವವರೂ ಸಿಗುತ್ತಾರೆ. ಯಾವುದು ಹಿಡಿದು ಹೊಂದಿಸುತ್ತೀರಿ ಎಂದು ಕೇಳಿ. 'ಅದೆಲ್ಲ ತಾನೇ ಆಗುತ್ತದೆ' ಎಂದರೆ ಸುಮ್ನೆ ವಾಪಸ್ ಕಳಿಸಿ.

ಪ್ರಶ್ನೆ: ನಮ್ಮ ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ (ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ಕೊಡುವ ಪಟ್ಟಿ) ಜೊತೆ ಬಿಲ್ ನಂಬರ್ ಹಿಡಿದು ಹೊಂದಿಸುತ್ತಿದ್ದೇನೆ. ಬೇರೆ ಬೇರೆ ಅಂಗಡಿಯವು ಸೇರಿಹೋಗುತ್ತಿವೆ. (ವಾಸ್ಕೊ)

ಉತ್ತರ: ಸೇರದೆ ಇರುತ್ತವೆಯೇ? 101ನೇ ಬಿಲ್ ಎಲ್ಲ ಅಂಗಡಿಯಲ್ಲೂ ಇರುತ್ತದೆ. ಮಾರಿದವರ 15 ಅಕ್ಷರದ ಜಿಎಸ್‌ಟಿ ನಂಬರನ್ನು ಬಿಲ್ ನಂಬರಿನ ಮುಂದೆ ಜೋಡಿಸಿ. ಗೋವಾದ್ದು 30ರಿಂದ ಶುರುವಾಗುತ್ತದೆ, ಮಹಾರಾಷ್ಟ್ರದ್ದು 27ರಿಂದ, ಕರ್ನಾಟಕದ್ದು 29ರಿಂದ. ಒಂದೇ ಕಂಪನಿ ಮೂರೂ ಕಡೆಯಿಂದ ಬಿಲ್ ಕಳಿಸಿದರೂ ಆಗ ಬೇರೆಯಾಗುತ್ತವೆ. '4-23' ಎಂಬ ಬಿಲ್ ನಂಬರನ್ನು ಎಕ್ಸೆಲ್ ತಾರೀಖು ಮಾಡಿಬಿಡುತ್ತದೆ, ಆ ಕಾಲಂ ಅನ್ನೂ ಮೊದಲೇ ಪಠ್ಯ ಮಾಡಿಡಿ.